ಕಾಣದ ವಿಷವನ್ನು ಅಳೆಯುವವರು ಯಾರು?

(ಕಳ್ಳಂಬೆಳ್ಳದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಿರಾ, ಮಧುಗಿರಿ, ಪಾವಗಡ ಸೀಮೆಯ ಜನರಿಗೆ ನೀರಿನೊಳಗಿನ ವಿಷವು ಹೊಸ ಸಂಗತಿಯಲ್ಲ. ಮಕ್ಕಳ ಹಲ್ಲಿನ ಕಂದು ಕಲೆ, ಹಿರಿಯರ ಬಾಗಿದ ಬೆನ್ನು, ಮಡಚಲಾಗದ ಮೊಣಕಾಲು ಇವೆಲ್ಲ ಫ್ಲೋರೈಡ್ ಬರೆದಿಟ್ಟ ಸಾಕ್ಷ್ಯಗಳು. ಆದ್ದರಿಂದಲೇ ಅದರ ಬಗ್ಗೆ ಜನರು ಮಾತನಾಡಿದರು, ಸರಕಾರವೂ ಅಲ್ಪಸ್ವಲ್ಪ ಕಿವಿಗೊಟ್ಟಿತು. ಇಂದು ನಾವು ಚರ್ಚಿಸಬೇಕಾಗಿರುವುದು ಅಂತಹ ಗುರುತನ್ನೇ ಬಿಡದ ಇನ್ನೊಂದು ವಸ್ತುವಿನ ಕುರಿತು. ಅದರ ಹೆಸರು ಯುರೇನಿಯಂ. ನೀರಿನಲ್ಲಿ ಕರಗಿದಾಗ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ.

ನಮ್ಮ ಸುತ್ತಮುತ್ತ ಅಣು ಕಾರ್ಖಾನೆಯಿಲ್ಲವಲ್ಲ, ಇದು ಎಲ್ಲಿಂದ ಬಂತು ಎಂದು ತಾವು ಕೇಳಬಹುದು. ಇದನ್ನು ಯಾರೂ ತಂದು ಸುರಿದದ್ದಲ್ಲ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಕಂಡವರಿಗೆ ಈ ನಾಡಿನ ತಳದಲ್ಲಿ ಏನಿದೆಯೆಂದು ಹೇಳಬೇಕಾಗಿಲ್ಲ. ಗ್ರಾನೈಟ್ ಶಿಲೆಯಲ್ಲಿ ಯುರೇನಿಯಂ ಅಲ್ಪ ಪ್ರಮಾಣದಲ್ಲಿ ಸಹಜವಾಗಿಯೇ ಇರುತ್ತದೆ. ಬೈಕಾರ್ಬೊನೇಟ್ ಅಂಶ ಅಧಿಕವಿರುವ ಅಂತರ್ಜಲವು ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತಾಗ ಅದನ್ನು ಕರಗಿಸಿಕೊಳ್ಳುತ್ತದೆ. ನಮ್ಮ ಹಿರಿಯರು ಕೆರೆ ಮತ್ತು ತೆರೆದ ಬಾವಿಗಳ ನೀರನ್ನು ಕುಡಿದರು. ನಾವು ಕೆರೆಗಳಲ್ಲಿ ಹೂಳು ತುಂಬಲು ಬಿಟ್ಟು ನೂರಾರು ಅಡಿ ಆಳಕ್ಕೆ ಕೊಳವೆ ಇಳಿಸಿದೆವು. ಶಿಲೆಯಲ್ಲಿ ಮಲಗಿದ್ದುದು ಹೀಗೆ ನಮ್ಮ ಬಿಂದಿಗೆಗೆ ಬಂತು.

ಇದು ಊಹೆಯ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ಆರ್. ಶ್ರೀನಿವಾಸನ್ ಮತ್ತು ಸಂಗಡಿಗರು ಪೂರ್ವ ಕರ್ನಾಟಕದ 73 ಗ್ರಾಮಗಳ ಅಂತರ್ಜಲವನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೋಲಾರ, ಚಿಕ್ಕಬಳ್ಳಾಪುರಗಳೊಂದಿಗೆ ನಮ್ಮ ತುಮಕೂರು ಜಿಲ್ಲೆಯೂ ಅದರಲ್ಲಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. 57 ಗ್ರಾಮಗಳು ಅದನ್ನು ಮೀರಿದ್ದವು. ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ 60. ಅದನ್ನೂ 48 ಗ್ರಾಮಗಳು ದಾಟಿದ್ದವು. ಎರಡು ಮಿತಿಗಳು ಏಕೆ? ಮಂಡಳಿಯು ವಿಕಿರಣವನ್ನು ಲೆಕ್ಕ ಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯು ಮೂತ್ರಪಿಂಡವನ್ನು ಲೆಕ್ಕ ಹಾಕಿತು. ವಸ್ತುತಃ ಕುಡಿಯುವ ನೀರಿನಲ್ಲಿರುವ ಯುರೇನಿಯಂ ವಿಕಿರಣಕ್ಕಿಂತ ಮೊದಲು ಒಂದು ಭಾರಲೋಹವಾಗಿ ಮೂತ್ರಪಿಂಡವನ್ನು ಬಾಧಿಸುತ್ತದೆ.

ಇಲ್ಲಿ ನಮ್ಮದೇ ರಾಜ್ಯದ ಇನ್ನೊಂದು ಘಟನೆಯನ್ನು ನೆನಪಿಸಿಕೊಳ್ಳೋಣ. 2009ರ ನವೆಂಬರ್‌ನಲ್ಲಿ ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ನೌಕರರು ನೀರು ಕುಡಿಯುವ ಕೂಲರಿಗೆ ಟ್ರೀಟಿಯಂ ಎಂಬ ವಿಕಿರಣಶೀಲ ವಸ್ತು ಸೇರಿತ್ತು. ಐವತ್ತಕ್ಕೂ ಹೆಚ್ಚು ಮಂದಿಯ ದೇಹವನ್ನು ಅದು ಹೊಕ್ಕಿತು. ಒಳಗಿನವರದೇ ಕಿಡಿಗೇಡಿತನವೆಂದು ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಹೇಳಿದರು. ದೇಶದ ಪತ್ರಿಕೆಗಳು ಅದರ ಬಗ್ಗೆ ಬರೆದವು. ಆದರೆ ನಾವು ಗಮನಿಸಬೇಕಾದ ಅಂಶ ಬೇರೆಯೇ ಇದೆ. ಅದು ಪತ್ತೆಯಾದದ್ದು ಹೇಗೆ? ಅಲ್ಲಿನ ನೌಕರರ ಮೂತ್ರವನ್ನು ನಿಯಮಿತವಾಗಿ ಪರೀಕ್ಷಿಸುವ ಕ್ರಮವಿತ್ತು. ಅಳತೆಯಿತ್ತು, ಆದ್ದರಿಂದ ತಿಳಿಯಿತು. ತಿಳಿಯಿತು, ಆದ್ದರಿಂದ ಚಿಕಿತ್ಸೆ ದೊರೆಯಿತು.

ಹಾಗಾದರೆ ಕೊಳವೆ ಬಾವಿಯ ಮುಂದೆ ಬಿಂದಿಗೆ ಹಿಡಿದು ನಿಂತ ನಮ್ಮ ತಾಯಿ, ತಂಗಿಯರಿಗೆ ಯಾವ ಅಳತೆಯಿದೆ? ಮನೆಮನೆಗೆ ನಲ್ಲಿ ನೀಡುವ ಜಲ ಜೀವನ ಯೋಜನೆಯು 2019ರಲ್ಲಿ ಆರಂಭವಾಯಿತು. ಅದು ಸ್ವಾಗತಾರ್ಹ. ಆದರೆ ನಲ್ಲಿ ಹೊಸದಾದ ಮಾತ್ರಕ್ಕೆ ನೀರು ಹೊಸದಾಗುವುದಿಲ್ಲ; ಹಿಂದೆ ಅದೇ ಕೊಳವೆ ಬಾವಿಯಿದ್ದರೆ ಬರುವುದೂ ಅದೇ ನೀರು. ಪಂಚಾಯತಿಗಳಲ್ಲಿ ಬಳಸುವ ಸಣ್ಣ ಪರೀಕ್ಷಾ ಪೆಟ್ಟಿಗೆಗಳು ಫ್ಲೋರೈಡ್, ನೈಟ್ರೇಟ್, ಕಬ್ಬಿಣದ ಅಂಶಗಳನ್ನು ತೋರಿಸುತ್ತವೆಯೇ ಹೊರತು ಯುರೇನಿಯಂ ಅನ್ನು ತೋರಿಸುವುದಿಲ್ಲ. ಅದಕ್ಕೆ ಪ್ರಯೋಗಾಲಯದ ವಿಶೇಷ ಯಂತ್ರ ಬೇಕು. ಕೇಳುವವರಿಲ್ಲದ ಕಡೆ ಯಂತ್ರ ಬರುವುದಿಲ್ಲ.

ಸಹೋದರರೇ, ಭಯಪಡುವುದು ಪರಿಹಾರವಲ್ಲ. ಒಂದು ಕೊಳವೆ ಬಾವಿಯ ಫಲಿತಾಂಶವು ಪಕ್ಕದ ಬಾವಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಲಿಖಿತವಾಗಿ ಸಲ್ಲಿಸಿರಿ. ವರದಿ ಬಂದಾಗ ಅದನ್ನು ಸೂಚನಾ ಫಲಕದಲ್ಲಿ ಹಚ್ಚುವಂತೆ ಒತ್ತಾಯಿಸಿರಿ. ನೀರಿಗೆ ಜಾತಿ ಮತಗಳಿಲ್ಲ, ಆದ್ದರಿಂದ ಊರಿನ ಎಲ್ಲರೂ ಕೂಡಿ ಕೇಳಬೇಕು. ನಮ್ಮ ಮಸೀದಿ, ಮದರಸಗಳಿಗೂ ಸ್ವಂತ ಕೊಳವೆ ಬಾವಿಗಳಿವೆ. ಅಲ್ಲಿ ಕುಡಿಯುವ ಮಕ್ಕಳು ಆಡಳಿತ ಸಮಿತಿಗಳ ಕೈಯಲ್ಲಿರುವ ಅಮಾನತ್ತು. ಸಮಿತಿಗಳು ಸರಕಾರಕ್ಕಾಗಿ ಕಾಯದೆ ತಾವೇ ಮಾದರಿಯನ್ನು ಕಳುಹಿಸಲಿ.

ಮನೆಯಲ್ಲಿ ಕೆಲವು ವಿಷಯಗಳು ತಿಳಿದಿರಲಿ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಯುರೇನಿಯಂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಚರ್ಮದ ಮೂಲಕ ಅದು ಒಳಸೇರುವುದು ಅತ್ಯಲ್ಪ, ಆದ್ದರಿಂದ ವುಝೂ, ಸ್ನಾನ, ಬಟ್ಟೆ ಒಗೆತಕ್ಕೆ ಆತಂಕ ಬೇಡ. ಎಚ್ಚರ ಬೇಕಾದುದು ಕುಡಿಯುವ ಮತ್ತು ಅಡುಗೆಯ ನೀರಿನಲ್ಲಿ. ಸುಸ್ಥಿತಿಯಲ್ಲಿರುವ ಆರ್.ಓ. ಶುದ್ಧೀಕರಣ ಘಟಕವು ಇದನ್ನು ಬಹುಪಾಲು ತಡೆಯುತ್ತದೆ. ಆದರೆ ಪೊರೆ ಹಾಳಾದ ಘಟಕಕ್ಕೆ ನಾಣ್ಯ ಹಾಕಿದರೆ ಸಿಗುವುದು ಶುದ್ಧ ನೀರಲ್ಲ. ಘಟಕವು ಹೊರಚೆಲ್ಲುವ ನೀರಿನಲ್ಲಿ ವಿಷವು ಸಾಂದ್ರಗೊಂಡಿರುತ್ತದೆ. ಅದನ್ನು ಜಾನುವಾರುಗಳಿಗೆ ಕುಡಿಸಬೇಡಿ, ಬಾವಿಯ ಬಳಿ ಹರಿಯಬಿಡಬೇಡಿ.

ಶಾಶ್ವತ ಪರಿಹಾರವು ನೆಲದ ಮೇಲೆಯೇ ಇದೆ. ಮಳೆಯ ನೀರು ಬಂಡೆಯೊಳಗೆ ಇಳಿಯುವ ಮೊದಲೇ ಅದನ್ನು ಹಿಡಿದಿಟ್ಟರೆ ಶಿಲೆಯ ವಿಷ ಅದಕ್ಕೆ ತಗಲುವುದಿಲ್ಲ. ಹೇಮಾವತಿಯ ನೀರು ಹರಿದು ಬಂದು ತುಂಬುವ ಕಳ್ಳಂಬೆಳ್ಳದ ಕೆರೆ ತಮ್ಮ ಕಣ್ಣೆದುರಿನಲ್ಲಿದೆ. ಅದರ ಹೂಳು, ಅದರ ಒತ್ತುವರಿ, ಅದಕ್ಕೆ ಸೇರುವ ಚರಂಡಿ ಇವುಗಳನ್ನು ಚುನಾವಣೆಯ ಕಾಲದಲ್ಲಿ ಮಾತ್ರ ನೆನೆಯುವವರಿಗೆ ವರ್ಷವಿಡೀ ನೆನಪಿಸುವ ಹೊಣೆ ಮತದಾರರಾದ ನಮ್ಮದು. ಕೈಗಾದ ನೌಕರನಿಗೆ ದೊರೆತ ಅಳತೆಯ ಹಕ್ಕು ಕಳ್ಳಂಬೆಳ್ಳದ ಕೂಲಿಕಾರನ ಮಗುವಿಗೂ ದೊರೆಯಲಿ. ನಾವು ಕೇಳುತ್ತಿರುವುದು ದಾನವಲ್ಲ, ಒಂದು ವರದಿಯನ್ನು.