ಉದ್ದ ಪದದ ಜಾಯಿಂಟ್ ಎಲ್ಲಿದೆ?



ಕಳೆದ ವರ್ಷ ನನ್ನ ಮಗಳಿಗೆ ಊರಿನಿಂದ ಅಜ್ಜಿಯ ವಾಟ್ಸಾಪ್ ಸಂದೇಶ ಬಂತು: ‘ನಿನ್ನನ್ನು ನೋಡಬೇಕೆಂದುಕೊಂಡಿದ್ದೇನೆ.’ ಮಗಳು ಓದಿದಳು: ನೋ, ಡ, ಬೇ, ಕೆಂ, ದು, ಕೊಂ, ಡಿ, ದ್ದೇ, ನೆ. ಒಂಬತ್ತು ಅಕ್ಷರ, ಒಂದೂ ತಪ್ಪಿಲ್ಲ. ಆಮೇಲೆ ಕೇಳಿದಳು: “ಅಪ್ಪಾ, ಹಾಗಂದ್ರೆ ಏನು?” ಶಿಫ್ಟ್ ಮುಗಿಸಿ ಬಂದ ಸುಸ್ತಿನಲ್ಲಿ “ಇನ್ನೊಂದ್ಸಲ ಓದು” ಎಂದು ಗದರಿದೆ. ತಪ್ಪು ನನ್ನದು. ಅವಳಿಗೆ ಅಕ್ಷರ ಗೊತ್ತಿತ್ತು, ಜಾಯಿಂಟ್ ಗೊತ್ತಿರಲಿಲ್ಲ.

ಪ್ಲಾಂಟಿನಲ್ಲಿ ಕೆಲಸ ಮಾಡುವ ನಮಗೆ ಜಾಯಿಂಟ್ ಅಂದರೇನು ಎಂದು ಹೇಳಿಕೊಡಬೇಕಿಲ್ಲ. ಫ್ಲೇಂಜ್ ಇದ್ದರೆ ಪೈಪು ಎಲ್ಲಿ ಸೇರಿದೆ ಎಂದು ದೂರದಿಂದಲೇ ಕಾಣುತ್ತದೆ. ವೆಲ್ಡ್ ಮಾಡಿ ಉಜ್ಜಿ ಬಣ್ಣ ಬಳಿದಿದ್ದರೆ ಹುಡುಕಬೇಕು. ಪದಗಳೂ ಹಾಗೆಯೇ. ‘ಅಗ್ನಿಶಾಮಕದಳ’ ಫ್ಲೇಂಜ್ ಹಾಕಿದ ಪದ. ಅಗ್ನಿ, ಶಾಮಕ, ದಳ ಎಂದು ಬಿಚ್ಚಬಹುದು. ಅಜ್ಜಿಯ ಪದ ವೆಲ್ಡ್ ಮಾಡಿದ್ದು: ನೋಡ, ಬೇಕು, ಎಂದು, ಕೊಂಡು, ಇದ್ದೇನೆ. ‘ಬೇಕು’ವಿನ ಉಕಾರ ಹೋಗಿ ‘ಎಂದು’ ಸೇರಿದಾಗ ‘ಕೆಂ’ ಹುಟ್ಟಿತು. ಆ ಒಂದೇ ಅಕ್ಷರದಲ್ಲಿ ಎರಡು ಪದಗಳ ತುಂಡುಗಳಿವೆ. ‘ಡಿ’ಯೂ ಹಾಗೆಯೇ. ಇದೇ ಲೋಪಸಂಧಿ.

‘ಕಣ್ಣೀರು’ ನೋಡಿ. ಬರೆಯುವಾಗ ಕ–ಣ್ಣೀ–ರು. ಉಚ್ಚರಿಸುವಾಗ ಕಣ್–ಣೀ–ರು, ಅದಕ್ಕೇ ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನ ‘ಕ’ ಗುರು. ಅರ್ಥದಲ್ಲಿ ಕಣ್, ನೀರು. ‘ಕಂಬನಿ’ಯಲ್ಲಿ ಕಣ್, ಪನಿ, ಅಲ್ಲಿ ಪಕಾರ ಬಕಾರವಾಗಿದೆ. ಮಳೆ, ಕಾಲ ಸೇರಿ ‘ಮಳೆಗಾಲ’. ಬೆಟ್ಟ, ತಾವರೆ ಸೇರಿ ‘ಬೆಟ್ಟದಾವರೆ’. ಇದು ಆದೇಶಸಂಧಿ. 13ನೆಯ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಗೂ ಸಮಾಸಕ್ಕೂ ಬೇರೆ ಬೇರೆ ಪ್ರಕರಣಗಳನ್ನೇ ಬರೆದಿಟ್ಟ.

ಇದು ನಮ್ಮೊಬ್ಬರ ಕಷ್ಟವಲ್ಲ. ಡೆನ್ಮಾರ್ಕಿನ ಡೇನಿಷ್ ಭಾಷೆಯಲ್ಲೂ ಪದಗಳನ್ನು ಜಾಗ ಬಿಡದೆ ಸಾಲಾಗಿ ಕೂಡಿಸುತ್ತಾರೆ. ‘ಕೆಲಸ’ಕ್ಕೂ ‘ಜಾಗ’ಕ್ಕೂ ಇರುವ ಪದಗಳನ್ನು ಸೇರಿಸಿ ‘ಕೆಲಸದ ಜಾಗ’ ಎನ್ನುವಾಗ ನಡುವೆ ಒಂದು ‘ಸ್’ ಬರುತ್ತದೆ. ಸಾಲಿನ ಕೊನೆಯಲ್ಲಿ ಪದ ಒಡೆಯಬೇಕಾದರೆ ಆ ‘ಸ್’ ಮೊದಲ ಪದದ ಜೊತೆಗೇ ಉಳಿಯುತ್ತದೆ. ಜಾಯಿಂಟ್ ತಿಳಿಯದಿದ್ದರೆ ಅಲ್ಲಿನ ಮಕ್ಕಳೂ ತಡವರಿಸುತ್ತಾರೆ.

ಆದ್ದರಿಂದ ತಂದೆತಾಯಂದಿರಲ್ಲಿ ಒಂದು ವಿನಂತಿ. ಮಗು ಉದ್ದ ಪದದಲ್ಲಿ ನಿಂತರೆ ಮತ್ತೆ ಅಕ್ಷರ ಕೂಡಿಸಿ ಓದಿಸಬೇಡಿ. “ಇದರೊಳಗೆ ನಿನಗೆ ಗೊತ್ತಿರುವ ಪದ ಯಾವುದಿದೆ?” ಎಂದು ಕೇಳಿ. ನನ್ನ ಮಗಳಿಗೆ ಮೊದಲು ಸಿಕ್ಕಿದ್ದು ‘ಬೇಕು’. ಅದು ಸಿಕ್ಕಮೇಲೆ ‘ನೋಡ’ ಸಿಕ್ಕಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಿಗೆ ನನ್ನ ನೋಡ್ಬೇಕಂತೆ” ಅಂದಳು. ಆಮೇಲೆ ಅವಳೇ ಫೋನ್ ಮಾಡಿದಳು.

ಮಕ್ಕಳೇ, ಮನೆಗೆ ಹೋಗುವಾಗ ‘ಸಿರಿಗನ್ನಡ’ ಬಿಡಿಸಿ ನೋಡಿ. ಅಲ್ಲಿರುವ ಗಕಾರ ಮೊದಲು ಏನಾಗಿತ್ತು ಎಂದು ಅಪ್ಪ ಅಮ್ಮನಿಗೆ ನೀವೇ ಹೇಳಿಕೊಡಿ.

ಸಿರಿಗನ್ನಡಂ ಗೆಲ್ಗೆ.