ಹೊಲಿಗೆಗೂ ಕಸೂತಿಗೂ ಮನೆಯ ಗಂಜಿ



ದೊಡ್ಡಬಳ್ಳಾಪುರ ಮಗ್ಗಗಳ ಊರು. ಅದರ ಸುತ್ತಿನ ಹಳ್ಳಿಗಳಲ್ಲಿ, ಹಾಗೆಯೇ ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಗಳಲ್ಲಿ, ಹೊಲ-ಮನೆಗಳ ಕೆಲಸದ ನಡುವೆಯೇ ಹೊಲಿಗೆ ಯಂತ್ರ ತುಳಿದು, ರವಿಕೆಗೆ ಕಸೂತಿ ಹಾಕಿ ನಾಲ್ಕು ಕಾಸು ಸಂಪಾದಿಸುವ ಹೆಣ್ಣುಮಕ್ಕಳಿದ್ದಾರೆ. ತೆಳು ಬಟ್ಟೆ ಕತ್ತರಿಯ ಬಾಯಿಂದ ಜಾರುವುದು, ಓರೆಯಾಗಿ ಕತ್ತರಿಸಿದ ಪಟ್ಟಿ ಎಳೆದುಕೊಳ್ಳುವುದು, ಕಸೂತಿ ಹಾಕಿದ ಜಾಗ ಸುಕ್ಕುಗಟ್ಟುವುದು, ಇವು ಅವರೆಲ್ಲರ ತೊಂದರೆಗಳು. ಗಿರಾಕಿಯ ಬಟ್ಟೆ ಕೆಟ್ಟರೆ ಕೂಲಿಯೂ ಹೋಯಿತು, ಬಟ್ಟೆಯ ಬೆಲೆಯನ್ನೂ ತೆರಬೇಕಾಯಿತು. ಇದನ್ನು ತಪ್ಪಿಸುವ ಸಾಧನ ಅಡಿಗೆಮನೆಯಲ್ಲೇ ಇದೆ. ಅದು ಗಂಜಿ.

ಗಂಜಿ ಮಾಡುವ ಕೆಲಸ

ಬಟ್ಟೆಯೆಂದರೆ ಹಾಸು ಮತ್ತು ಹೊಕ್ಕು ಎಳೆಗಳ ಹೆಣಿಗೆ. ತೆಳು ಬಟ್ಟೆಯಲ್ಲಿ ಈ ಎಳೆಗಳು ಸುಲಭವಾಗಿ ಅತ್ತಿತ್ತ ಸರಿಯುತ್ತವೆ. ಗಂಜಿ ಒಣಗಿದಾಗ ಎಳೆಗಳ ಮೇಲೆ ತೆಳುವಾದ ಪೊರೆ ಕಟ್ಟಿ ಅವುಗಳನ್ನು ಇದ್ದಲ್ಲೇ ನಿಲ್ಲಿಸುತ್ತದೆ. ಹತ್ತಿ ನೇಯುವವರು ಹಾಸಿನ ನೂಲಿಗೆ ಗಂಜಿ ಕೊಟ್ಟು ಮಗ್ಗಕ್ಕೆ ಏರಿಸುವುದೂ ನೂಲು ಉಜ್ಜಿ ಹರಿಯದಿರಲೆಂದೇ.

ಮೊದಲು ಬಟ್ಟೆಯನ್ನು ಅರಿಯಿರಿ

ಗಂಜಿ ಚೆನ್ನಾಗಿ ಹಿಡಿಯುವುದು ಹತ್ತಿಗೆ. ಪಾಲಿಯೆಸ್ಟರ್ ನೀರನ್ನೇ ಹೀರದ ಕಾರಣ ಅದಕ್ಕೆ ಹಿಡಿಯುವುದಿಲ್ಲ. ಅನುಮಾನವಿದ್ದರೆ ಅಂಚಿನಿಂದ ನಾಲ್ಕು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು, ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆಗೆ ಅಕ್ಕಿಯ ಗಂಜಿ ಬೇಡ. ಅದಕ್ಕೆ ತೆಳುವಾದ ಗೋಂದಿನ ನೀರು ಬಳಸುವ ರೂಢಿಯಿದೆ. ಗಿರಾಕಿಯ ಜರಿ ಬಟ್ಟೆಯನ್ನಂತೂ ನೀರಿಗೆ ಹಾಕದಿರುವುದೇ ಕ್ಷೇಮ.

ತಯಾರಿಸುವ ಕ್ರಮ

ಅನ್ನ ಬಸಿಯುವ ಮನೆಯಲ್ಲಿ ಗಂಜಿಗೆ ಕಾಸಿನ ಖರ್ಚಿಲ್ಲ. ಉಪ್ಪು, ಎಣ್ಣೆ ಸೇರದ ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಅದರ ಎರಡು-ಮೂರರಷ್ಟು ನೀರು ಬೆರೆಸಿದರೆ ಸಾಕು. ಕುಕ್ಕರಿನಲ್ಲಿ ಅನ್ನ ಮಾಡುವವರು ಮೆಕ್ಕೆಜೋಳದ ಪಿಷ್ಟ ಅಥವಾ ಅರಾರೂಟ್ ಪುಡಿ ಬಳಸಬಹುದು. 1 ಲೀಟರ್ ನೀರಿಗೆ ಸುಮಾರು 10 ಗ್ರಾಂ, ಅಂದರೆ ಒಂದು ದೊಡ್ಡ ಚಮಚ ಪುಡಿ ಹಾಕಿದರೆ ತೆಳು ಗಂಜಿ. 20 ಗ್ರಾಂ ಹಾಕಿದರೆ ಮಧ್ಯಮ ಗಂಜಿ. ಪುಡಿಯನ್ನು ಮೊದಲು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. ಉಳಿದ ನೀರು ಕುದಿಯುವಾಗ ಇದನ್ನು ಸುರಿದು, ಬಿಳುಪು ಹೋಗಿ ಪಾರದರ್ಶಕವಾಗುವವರೆಗೆ ಕೈಬಿಡದೆ ತಿರುವಿ, ಆರಿಸಿ ಸೋಸಿಕೊಳ್ಳಿ. ಬಿಸಿನೀರಿಗೆ ಒಣಪುಡಿಯನ್ನೇ ಹಾಕಿದರೆ ಗಂಟು ಕಟ್ಟುತ್ತದೆ.

ಹಾಲುಬಾಯಿ ಮಾಡಬಲ್ಲ ತಾಯಂದಿರು ಅದೇ ಕ್ರಮದಲ್ಲಿ ಅಕ್ಕಿ ನೆನೆಸಿ, ರುಬ್ಬಿ, ಹಾಲು ಸೋಸಿ, ತಳದಲ್ಲಿ ನಿಂತ ಪಿಷ್ಟವನ್ನು ಒಣಗಿಸಿಟ್ಟುಕೊಳ್ಳಬಹುದು. ರಾಗಿಯ ಗಂಜಿಯಿಂದ ಬಿಳಿ ಬಟ್ಟೆಗೆ ಬಣ್ಣ ಕೂರುತ್ತದೆ, ಅದು ಬೇಡ.

ಬಟ್ಟೆಗೆ ಹಾಕುವ ಕ್ರಮ

ಹೊಸ ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒಗೆಯಬೇಕು. ಗಿರಣಿಯ ಗಂಜಿ ಬಿಡುತ್ತದೆ. ಬಟ್ಟೆ ಸಿಮಿಟುವುದಿದ್ದರೆ ಕತ್ತರಿಸುವ ಮೊದಲೇ ಸಿಮಿಟುತ್ತದೆ. ಒದ್ದೆಯ ಬಿಳಿ ಬಟ್ಟೆಯಿಂದ ಮೂಲೆಯನ್ನು ಉಜ್ಜಿದರೆ ಬಣ್ಣ ಬಿಡುತ್ತದೆಯೇ ಎಂಬುದೂ ತಿಳಿಯುತ್ತದೆ. ಹಿಂಡಿದ ಒದ್ದೆ ಬಟ್ಟೆಯನ್ನು ಗಂಜಿಯಲ್ಲಿ ಪೂರ್ತಿ ಅದ್ದಿ, ಹಿಸುಕಿ, ಎಳೆಗಳು ನೇರವಾಗುವಂತೆ ಕೊಡವಿ ನೆರಳಿನಲ್ಲಿ ಹರವಿ. ಸ್ವಲ್ಪ ತೇವವಿರುವಾಗಲೇ ಒಳಮೈಯಿಂದ, ಉದ್ದಕ್ಕೆ ಇಸ್ತ್ರಿ ಮಾಡಿ. ಓರೆಗೆ ಎಳೆಯಬಾರದು.

ಕತ್ತರಿಸಿ ಹೊಲಿಯುವ ತೆಳು ಬಟ್ಟೆಗೆ ಮಧ್ಯಮ ಗಂಜಿ, ಕೈಕಸೂತಿಗೆ ತೆಳು ಗಂಜಿ ಸರಿ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ ಹೊಲಿಗೆಗಳನ್ನು ಎಳೆ ಎಣಿಸಿಯೇ ಹಾಕಬೇಕು. ಗಂಜಿ ದಪ್ಪವಾದರೆ ಎಳೆಗಳ ಸಂದು ಮುಚ್ಚಿ ಎಣಿಕೆ ತಪ್ಪುತ್ತದೆ, ಸೂಜಿಯೂ ಬಿಗಿಯಾಗುತ್ತದೆ.

ಕೆಲಸ ಮುಗಿದ ಮೇಲೆ

ಗಂಜಿ ಹಾಕಿದ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಇಟ್ಟು ಮರೆಯಬೇಡಿ. ಪಿಷ್ಟ ಜಿರಲೆಗೂ ಪುಸ್ತಕದ ಹುಳುವಿಗೂ ಆಹಾರ. ಮಳೆಗಾಲದಲ್ಲಿ ಬೂಷ್ಟೂ ಹಿಡಿಯುತ್ತದೆ. ಕೆಲಸ ಮುಗಿದೊಡನೆ, ಕಸೂತಿ ನೂಲು ಬಣ್ಣ ಬಿಡುವುದಿಲ್ಲವೆಂದು ನೋಡಿಕೊಂಡು, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆಯಿರಿ. ಗಂಜಿಯನ್ನು ಆಯಾ ದಿನಕ್ಕೆ ಬೇಕಾದಷ್ಟೇ ಮಾಡಿ. ಬಟ್ಟೆ ಅದ್ದದೆ ಉಳಿದದ್ದು ಕಲಗಚ್ಚಿಗೆ ಸೇರಲಿ; ಬಟ್ಟೆ ಅದ್ದಿದ್ದನ್ನು ಮಾತ್ರ ದನಗಳಿಗೆ ಕೊಡಬೇಡಿ, ಅದರಲ್ಲಿ ಬಣ್ಣ ಇಳಿದಿರುತ್ತದೆ.

ಗಿರಾಕಿಯ ಬಟ್ಟೆಗೆ ಕೈ ಹಾಕುವ ಮೊದಲು ಮನೆಯ ತುಂಡು ಬಟ್ಟೆಯೊಂದರ ಮೇಲೆ ಇದನ್ನು ಮಾಡಿ ನೋಡಿ. ಅರ್ಧಕ್ಕೆ ಗಂಜಿ ಹಾಕಿ, ಇನ್ನರ್ಧವನ್ನು ಹಾಗೆಯೇ ಬಿಟ್ಟು, ಎರಡರ ಮೇಲೂ ಒಂದೊಂದು ಹೂವು ಹೊಲಿಯಿರಿ. ವ್ಯತ್ಯಾಸ ನಿಮ್ಮ ಕೈಗೇ ತಿಳಿಯುತ್ತದೆ.