ನಮ್ಮೂರಲ್ಲಿ ಹಿಮ ಬೀಳಲ್ಲ, ಹುರುಳಿ ಸೊಪ್ಪು ಬೀಳತ್ತೆ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ಬಿಡದಿಯಲ್ಲಿ ಶಿಫ್ಟ್ ಮುಗಿಸಿ ಮನೆಗೆ ಹೊರಟಿರೋರಿಗೂ ಸ್ವಾಗತ. ಗಾಡಿ ಓಡಿಸ್ತಾ ಕೇಳ್ತಿದ್ರೆ ವಾಲ್ಯೂಮ್ ಸ್ವಲ್ಪ ಕಮ್ಮಿ ಇಟ್ಕೊಳ್ಳಿ. ಇವತ್ತಿನ ವಿಷಯಾನೂ ಗಾಡಿ ಓಡಿಸೋದೇ.

ಸಾತನೂರು ಕಡೆಯ ಕೇಳುಗ ಒಬ್ರು ವಾಯ್ಸ್ ನೋಟ್ ಕಳಿಸಿದ್ರು. ಟಾಟಾ ಏಸ್ ಓಡಿಸ್ತಾರೆ. ಅವರ ಮಾತಲ್ಲೇ ಹೇಳ್ತೀನಿ: "ಅಣ್ಣ, ಯೂಟ್ಯೂಬಲ್ಲಿ ಹಿಮದ ಮೇಲೆ ಹಿಂದಿನ ಚಕ್ರದ ಗಾಡಿ ಓಡ್ಸೋದು ಹೆಂಗೆ ಅಂತ ನೂರು ವಿಡಿಯೋ ಐತೆ. ನಮ್ಮೂರ ಹುರುಳಿ ಸೊಪ್ಪಿನ ಮೇಲೆ ಓಡ್ಸೋದು ಹೆಂಗೆ ಅಂತ ಒಬ್ರೂ ಹೇಳಲ್ಲ. ಮೊನ್ನೆ ಖಾಲಿ ಗಾಡಿ ಹಿಂದ್ಗಡೆಯಿಂದ ತಿರುಕ್ಕೊಂಡು ಮೋರಿ ಪಕ್ಕ ಹೋಗಿ ನಿಂತ್ಕೊಂತು."

ಮೊದಲು ನಗು ಬಂತು. ಆಮೇಲೆ ಯೋಚನೆ ಮಾಡಿದ್ರೆ, ಇವರು ಕೇಳ್ತಿರೋದು ಸರಿಯಾಗೇ ಇದೆ. ಎರಡೂ ಒಂದೇ ಸಮಸ್ಯೆ. ಹಿಮ ಇರೋ ದೇಶದೋರು ಪ್ರತಿ ಚಳಿಗಾಲದಲ್ಲಿ ಕಲಿಯೋದನ್ನ ನಾವು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಲೀಬೇಕು. ಅಲ್ಲಿ ಆಕಾಶದಿಂದ ಬೀಳತ್ತೆ, ಇಲ್ಲಿ ನಾವೇ ಹರಡ್ತೀವಿ.

ಗೊತ್ತಿಲ್ಲದೋರಿಗೆ ಹೇಳ್ಬಿಡ್ತೀನಿ. ಮಾಗಡಿ, ಕನಕಪುರ, ರಾಮನಗರ, ಚನ್ನಪಟ್ಟಣ, ಈ ನಾಲ್ಕೂ ತಾಲ್ಲೂಕಲ್ಲಿ ರಾಗಿ ಬೆಳೀತಾರೆ, ಹುರುಳಿ ಬೆಳೀತಾರೆ. (2025ರಲ್ಲಿ ಜಿಲ್ಲೆ ಹೆಸರು ಬೆಂಗಳೂರು ದಕ್ಷಿಣ ಅಂತ ಬದಲಾಯ್ತು, ನನ್ನ ಬಾಯಿಗೆ ಇನ್ನೂ ರಾಮನಗರಾನೇ ಬರೋದು.) ಕೊಯ್ಲಾದ ಮೇಲೆ ಒಕ್ಕಣೆ. ಹಿಂದೆ ಅದಕ್ಕೆ ಕಣ ಅಂತ ಇರ್ತಿತ್ತು. ನೆಲ ಗಟ್ಟಿ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ರೋಣುಗಲ್ಲು ಹೊಡೀತಿದ್ರು. ಈಗ ಎತ್ತು ಕಮ್ಮಿ, ಆಳು ಸಿಗಲ್ಲ, ಕಣ ಇದ್ದ ಜಾಗದಲ್ಲಿ ಶೆಡ್ಡೋ ಸೈಟೋ ಆಗಿದೆ. ಮನೆ ಮುಂದೆ ಟಾರು ರಸ್ತೆ ಇದೆ, ಅದರ ಮೇಲೆ ದಿನಾ ಗಾಡಿಗಳು ಓಡಾಡ್ತವೆ, ಬಾಡಿಗೆ ಇಲ್ಲ. ಹರಡಿದ್ರೆ ಸಂಜೆಯೊಳಗೆ ಒಕ್ಕಣೆ ಮುಗೀತು.

ಇದರಲ್ಲಿ ರಾಗಿಗಿಂತ ಹುರುಳಿ ಕೆಟ್ಟದ್ದು. ರಾಗಿ ಹುಲ್ಲು ಚಾಪೆ ಥರ ಮಲಗಿಕೊಳ್ಳತ್ತೆ. ಹುರುಳಿ ಬಳ್ಳಿ, ಒಣಗಿದ್ರೆ ತಂತಿ ಥರ ಸುತ್ತಿಕೊಳ್ಳತ್ತೆ, ಕೆಳಗೆ ಉದುರಿದ ಕಾಳು ಬೇರಿಂಗ್ ಗುಂಡಿನ ಥರ ಉರುಳತ್ತೆ. ಬೆಳಿಗ್ಗೆ ಆರೂವರೆ ಏಳಕ್ಕೆ ಅದರ ಮೇಲೆ ಇಬ್ಬನಿ ಬೇರೆ. ನಿಮ್ಮ ಟಯರ್ ಟಾರನ್ನ ಮುಟ್ಟೋದೇ ಇಲ್ಲ, ನೀವು ಹೋಗ್ತಿರೋದು ಸೊಪ್ಪಿನ ಮೇಲೆ.

ಎಷ್ಟು ವ್ಯತ್ಯಾಸ ಆಗತ್ತೆ ಅನ್ನೋಕೆ ಒಂದು ಲೆಕ್ಕ. ಒಣ ಟಾರಿನ ಮೇಲೆ ಟಯರಿನ ಹಿಡಿತ, ಭೌತಶಾಸ್ತ್ರದೋರು ಘರ್ಷಣಾಂಕ ಅಂತಾರಲ್ಲ, ಸುಮಾರು 0.7 ಇರತ್ತೆ. ತುಳಿದು ಗಟ್ಟಿಯಾದ ಹಿಮದ ಮೇಲೆ 0.2ರಿಂದ 0.3. ಗಂಟೆಗೆ 60 ಕಿಲೋಮೀಟರ್ ಸ್ಪೀಡಲ್ಲಿ ಬ್ರೇಕ್ ಹಿಡಿದ್ರೆ ಒಣ ಟಾರಲ್ಲಿ ಸುಮಾರು 20 ಮೀಟರಿಗೆ ನಿಲ್ಲತ್ತೆ. ಹಿಡಿತ 0.25 ಇದ್ರೆ 55 ಮೀಟರ್ ದಾಟತ್ತೆ. ನೀವು ನೋಡಿ, ಯೋಚಿಸಿ, ಕಾಲಿಡೋ ಹೊತ್ತಿಗೆ ಗಾಡಿ ಓಡಿರೋ ದೂರ ಇದರಲ್ಲಿ ಸೇರಿಲ್ಲ. ಅದೇ ಹಿಡಿತದಲ್ಲಿ 30ರಲ್ಲಿ ಹೋಗ್ತಿದ್ರೆ 14 ಮೀಟರ್ ಸಾಕು. ಸ್ಪೀಡ್ ಅರ್ಧ ಮಾಡಿದ್ರೆ ದೂರ ಕಾಲುಭಾಗ ಆಗತ್ತೆ.

ಸರಿ, ಹಿಂದಿನ ಚಕ್ರದ ವಿಷಯ ಯಾಕೆ ಬಂತು? ನಾನು ಬಿ.ಕಾಂ ಓದಿರೋನು, ನನಗೆ ಇದು ಅರ್ಥ ಆಗಿದ್ದು ಬಜೆಟ್ ಥರ. ಪ್ರತಿ ಟಯರಿಗೂ ಇಷ್ಟೇ ಹಿಡಿತ ಅಂತ ಒಂದು ಮೊತ್ತ ಇರತ್ತೆ. ಎಳೆಯೋದು, ತಿರುಗೋದು, ನಿಲ್ಲೋದು, ಮೂರು ಖರ್ಚೂ ಆ ಒಂದೇ ಅಕೌಂಟಿಂದ. ತಿರುವಲ್ಲಿ ಇರುವಾಗ ಆಗ್ಲೇ ಅರ್ಧ ಖರ್ಚಾಗಿರತ್ತೆ. ಅಲ್ಲಿ ಆಕ್ಸಿಲರೇಟರ್ ಒತ್ತಿದ್ರೋ ಬ್ಯಾಲೆನ್ಸ್ ಮುಗೀತು, ಆ ಟಯರ್ ಜಾರತ್ತೆ.

ಸ್ವಿಫ್ಟ್, ಆಲ್ಟೊ ಥರದ ಗಾಡೀಲಿ ಎಳೆಯೋದೂ ತಿರುಗಿಸೋದೂ ಮುಂದಿನ ಚಕ್ರ. ಅದು ಜಾರಿದ್ರೆ ಗಾಡಿ ತಿರುಗದೆ ನೆಟ್ಟಗೆ ಹೋಗತ್ತೆ. ಭಯ ಆಗತ್ತೆ, ಆದ್ರೆ ಕಾಲು ತೆಗೆದ್ರೆ ಸಾಮಾನ್ಯವಾಗಿ ಸರಿ ಹೋಗತ್ತೆ. ಹಿಂದಿನ ಚಕ್ರದ ಗಾಡೀಲಿ ತಳ್ಳೋದು ಹಿಂದಿನದು. ಅದು ಜಾರಿದ್ರೆ ಗಾಡಿಯ ಹಿಂಭಾಗ ಪಕ್ಕಕ್ಕೆ ಹೊರಡತ್ತೆ, ಮುಂಭಾಗದ ಜೊತೆ ರೇಸಿಗೆ ಬಿದ್ದಂಗೆ.

ಇದು ಹಳೇ ಕಾಲದ ಗಾಡಿ ಸಮಾಚಾರ ಅಂದ್ಕೋಬೇಡಿ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಹಿಂದಿನ ಚಕ್ರದ್ದೇ. 1983ರಲ್ಲಿ ಮಾರುತಿ 800 ಬಂದ್ಮೇಲೆ ಸಣ್ಣ ಕಾರುಗಳು ಮುಂದಿನ ಚಕ್ರಕ್ಕೆ ಹೋದ್ವು, ನಿಜ. ಆದ್ರೆ ನಮ್ಮ ತಾಲ್ಲೂಕುಗಳ ದುಡಿಯೋ ಗಾಡಿ ಯಾವುದು ಹೇಳಿ? ಬೊಲೆರೊ, ಟಾಟಾ ಏಸ್, ಈಕೊ. 2019ರಲ್ಲಿ ತಯಾರಿ ನಿಂತರೂ ಇನ್ನೂ ಓಡ್ತಿರೋ ಓಮ್ನಿ. ಮೂರು ಚಕ್ರದ ಆಟೋ. ಎಲ್ಲಾ ಹಿಂದಿನ ಚಕ್ರ. ಬಿಡದಿಯಲ್ಲೇ ತಯಾರಾಗೋ ಇನ್ನೋವಾ ತಗೊಳ್ಳಿ, ಕ್ರಿಸ್ಟಾ ಹಿಂದಿನ ಚಕ್ರದ್ದು, ಆಮೇಲೆ ಬಂದ ಹೈಕ್ರಾಸ್ ಮುಂದಿನ ಚಕ್ರದ್ದು. ಒಂದೇ ಊರಲ್ಲಿ ಹುಟ್ಟಿದ ಎರಡು ಗಾಡಿ, ಸೊಪ್ಪಿನ ಮೇಲೆ ಎರಡು ಥರ ಜಾರ್ತವೆ. ಮತ್ತೆ ನಿಮ್ಮ ಬೈಕು? ಅದೂ ಹಿಂದಿನ ಚಕ್ರಾನೇ ಸ್ವಾಮಿ.

ಈಗ ಆ ಏಸ್ ಯಾಕೆ ತಿರುಗ್ತು ಅನ್ನೋದಕ್ಕೆ ಬರ್ತೀನಿ. ಸುಳಿವು ಅವರ ಮಾತಲ್ಲೇ ಇದೆ: ಖಾಲಿ ಗಾಡಿ. ಇಂಜಿನ್, ಡ್ರೈವರ್, ಕ್ಯಾಬಿನ್ ಎಲ್ಲಾ ಮುಂದೆ. ಹಿಂದೆ ಬರೀ ತಗಡಿನ ತೊಟ್ಟಿ. ತೂಕ ಇಲ್ಲದ ಟಯರಿಗೆ ಹಿಡಿತ ಎಲ್ಲಿಂದ ಬರತ್ತೆ? ರಾಮನಗರದ ಗೂಡಿನ ಮಾರುಕಟ್ಟೆಗೆ ರೇಷ್ಮೆ ಗೂಡು ಹಾಕ್ಕೊಂಡು ಹೋದವರು, ಎಳನೀರು ಇಳಿಸಿ ಬಂದವರು, ಇವರಿಗೆಲ್ಲ ಅಪಾಯ ಇರೋದು ವಾಪಸ್ ಬರೋವಾಗ. ಲೋಡ್ ಇಳಿದಿರತ್ತೆ, ಮನಸ್ಸೂ ಹಗುರ ಆಗಿರತ್ತೆ, ಕಾಲು ಆಕ್ಸಿಲರೇಟರ್ ಮೇಲೆ ಹೋಗತ್ತೆ.

ಹಿಮ ಬೀಳೋ ಊರುಗಳಲ್ಲಿ ಪಿಕಪ್ ಇಟ್ಕೊಂಡಿರೋರು ಚಳಿಗಾಲದಲ್ಲಿ ಹಿಂದಿನ ತೊಟ್ಟಿಗೆ ಮರಳು ಮೂಟೆ ಹಾಕ್ಕೋತಾರೆ. ಅಮೆರಿಕದಲ್ಲೂ ಕೆನಡಾದಲ್ಲೂ ಇದು ತೀರಾ ಸಾಮಾನ್ಯ. ನಾವೂ ಮಾಡಬಹುದು. ಐವತ್ತು ಕೆಜಿಯ ಎರಡು ಮೂಟೆ, ಹಿಂದಿನ ಆಕ್ಸಲ್ ನೇರಕ್ಕೆ, ಹಗ್ಗ ಹಾಕಿ ಕಟ್ಟಿ. ಕಟ್ಟೋದು ಮುಖ್ಯ, ಇಲ್ಲಾಂದ್ರೆ ಬ್ರೇಕ್ ಹಿಡಿದಾಗ ಮೂಟೇನೇ ಕ್ಯಾಬಿನ್ನಿಗೆ ಬಂದು ಗುದ್ದತ್ತೆ. ಇನ್ನೊಂದು, ಫುಲ್ ಲೋಡಿಗೆ ಅಂತ ಗಾಳಿ ಹೊಡೆಸಿ ಖಾಲಿ ಓಡಿಸೋದು. ಟಯರ್ ಕಲ್ಲಿನಂಗೆ ಉಬ್ಬಿ ಮಧ್ಯದ ಒಂದು ಪಟ್ಟಿ ಮಾತ್ರ ನೆಲ ಮುಟ್ಟತ್ತೆ. ಖಾಲಿಗೆ ಎಷ್ಟು, ಲೋಡಿಗೆ ಎಷ್ಟು ಗಾಳಿ ಅಂತ ಗಾಡಿ ಪುಸ್ತಕದಲ್ಲಿ ಬರೆದಿರತ್ತೆ, ನೋಡಿ. ಇರೋದರಲ್ಲಿ ಒಳ್ಳೆ ಟಯರ್ ಎರಡನ್ನ ಹಿಂದಕ್ಕೆ ಹಾಕ್ಸಿ. ನಮ್ಮ ಕಡೆ ಎಲ್ಲರೂ ಉಲ್ಟಾ ಮಾಡ್ತಾರೆ, ಸವೆದಿರೋದು ಹಿಂದೆ.

ಓಡಿಸೋ ಕ್ರಮಕ್ಕೆ ಬಂದ್ರೆ, ಎಲ್ಲಾ ಕೆಲಸ ಸೊಪ್ಪು ಸಿಗೋಕೆ ಮುಂಚೆ ಮುಗಿಸಬೇಕು. ಸ್ಪೀಡ್ ಇಳಿಸೋದು, ಗೇರ್ ಬದಲಾಯಿಸೋದು, ಎರಡೂ ಬರೀ ಟಾರಿನ ಮೇಲೆ. ಸೊಪ್ಪಿನ ಮೇಲೆ ಹತ್ತಿದ ಮೇಲೆ ಸ್ಟೀರಿಂಗ್ ನೆಟ್ಟಗೆ, ಕಾಲು ಮೆತ್ತಗೆ. ನಿಂತ ಗಾಡಿ ಹೊರಡಿಸಬೇಕಾದ್ರೆ ಸೆಕೆಂಡ್ ಗೇರಲ್ಲಿ ನಿಧಾನಕ್ಕೆ ಕ್ಲಚ್ ಬಿಡಿ. ಫಸ್ಟ್ ಗೇರಿನ ಜೋರಿಗೆ ಚಕ್ರ ಸುಮ್ಮನೆ ಸುತ್ತತ್ತೆ.

ಇಳಿಜಾರಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಸಂಗಮ, ಮೇಕೆದಾಟು ಕಡೆ ಹೋಗೋರು ಕೇಳಿಸ್ಕೊಳ್ಳಿ. "ಇಳಿಜಾರಲ್ಲಿ ಗೇರ್ ಇಳಿಸು, ಇಂಜಿನ್ ಹಿಡ್ಕೊಳ್ಳತ್ತೆ" ಅಂತ ಹಿರಿಯರು ಹೇಳ್ತಾರೆ, ಸರಿಯಾದ ಮಾತೇ. ಆದ್ರೆ ಹಿಂದಿನ ಚಕ್ರದ ಗಾಡೀಲಿ ಇಂಜಿನ್ ಹಿಡಿಯೋದು ಹಿಂದಿನ ಎರಡು ಚಕ್ರ ಮಾತ್ರ. ಸೊಪ್ಪಿನ ಮೇಲೆ ಥಟ್ಟಂತ ಗೇರ್ ಇಳಿಸಿ ಕ್ಲಚ್ ಬಿಟ್ರೆ ಹ್ಯಾಂಡ್‌ಬ್ರೇಕ್ ಎಳೆದಂಗೆ ಆಗತ್ತೆ, ಹಿಂಭಾಗ ತಿರುಗತ್ತೆ. ಇಳಿಜಾರು ಶುರುವಾಗೋಕೆ ಮುಂಚೇನೇ ಆ ಗೇರಲ್ಲಿರಿ.

ಜಾರೇಬಿಟ್ಟಿತು ಅಂದ್ರೆ? ಬ್ರೇಕ್ ತುಳೀಬೇಡಿ. ಆಕ್ಸಿಲರೇಟರ್ ಬಿಡಿ, ಕ್ಲಚ್ ಒತ್ತಿ, ಚಕ್ರ ಸುಮ್ಮನೆ ಉರುಳೋಕೆ ಬಿಡಿ. ಹಿಂಭಾಗ ಬಲಕ್ಕೆ ಹೋಗ್ತಿದ್ರೆ ಸ್ಟೀರಿಂಗ್ ಬಲಕ್ಕೆ, ಎಡಕ್ಕೆ ಹೋದ್ರೆ ಎಡಕ್ಕೆ. ಕಣ್ಣು ಮೋರಿ ಮೇಲೆ ಇಡಬೇಡಿ, ಹೋಗಬೇಕಾದ ಕಡೆ ಇಡಿ, ಕೈ ತಾನೇ ಹಿಂದೆ ಬರತ್ತೆ. ಹಿಡಿತ ವಾಪಸ್ ಸಿಕ್ಕ ತಕ್ಷಣ ಸ್ಟೀರಿಂಗ್ ನೆಟ್ಟಗೆ ತನ್ನಿ. ಇಲ್ಲಿ ತಡ ಮಾಡಿದ್ರೆ ಗಾಡಿ ಇನ್ನೊಂದು ಕಡೆಗೆ ಮೊದಲಿಗಿಂತ ಜೋರಾಗಿ ಬೀಸತ್ತೆ, ಬಹಳಷ್ಟು ಗಾಡಿ ಪಲ್ಟಿ ಹೊಡೆಯೋದು ಆ ಎರಡನೇ ಬೀಸಲ್ಲಿ. ಹೊಸ ಗಾಡಿಲಿ ಎಬಿಎಸ್ ಇದೆ ಅಂತ ಧೈರ್ಯ ಬೇಡ. ಚಕ್ರ ಲಾಕ್ ಆಗದ ಹಾಗೆ, ಸ್ಟೀರಿಂಗ್ ಕೆಲಸ ಮಾಡೋ ಹಾಗೆ ಅದು ನೋಡ್ಕೊಳ್ಳತ್ತೆ. ಇಲ್ಲದ ಹಿಡಿತವನ್ನ ಅದು ತಂದುಕೊಡಲ್ಲ.

ಬೈಕಿನೋರಿಗೆ ಈ ಸ್ಟೀರಿಂಗ್ ಪಾಠ ಉಪಯೋಗಕ್ಕೆ ಬರಲ್ಲ. ಎರಡು ಚಕ್ರ ಜಾರಿದ್ರೆ ಬೀಳೋದೇ. ಭಾನುವಾರ ಬೆಳಿಗ್ಗೆ ಬೆಂಗಳೂರಿಂದ ಸಾವನದುರ್ಗ, ಮಂಚನಬೆಲೆ ಅಂತ ಬರೋ ಹುಡುಗ್ರಿಗೆ ತಿರುವಿನ ಆಚೆ ಸೊಪ್ಪು ಇರತ್ತೆ ಅನ್ನೋ ಕಲ್ಪನೇನೇ ಇರಲ್ಲ. ಬೈಕ್ ವಾಲಿಸಿಕೊಂಡೇ ಬಂದು ಅದರ ಮೇಲೆ ಹತ್ತಿಸ್ತಾರೆ. ಸೊಪ್ಪಿನ ಮೇಲೆ ಬೈಕ್ ನೆಟ್ಟಗಿರಬೇಕು, ಮುಂದಿನ ಬ್ರೇಕಿಂದ ಬೆರಳು ತೆಗೀಬೇಕು, ನಡಿಗೆಗಿಂತ ಸ್ವಲ್ಪ ಜಾಸ್ತಿ ಸ್ಪೀಡು ಸಾಕು. ಹಿಂದೆ ಅಮ್ಮನೋ ಮಗುವೋ ಕೂತಿದ್ರೆ ಇಳಿಸಿ, ದಾಟಿಸಿ, ಮತ್ತೆ ಹತ್ತಿಸ್ಕೊಳ್ಳಿ. ನೋಡಿದೋರು ನಗ್ತಾರೆ, ನಗಲಿ.

ಹಿಮಕ್ಕಿಲ್ಲದ ಒಂದು ಗುಣ ಹುರುಳಿ ಸೊಪ್ಪಿಗಿದೆ: ಬೆಂಕಿ. ಹಿಂದಿನ ಚಕ್ರದ ಗಾಡೀಲಿ ಇಂಜಿನ್ನಿಂದ ಹಿಂದಿನ ಆಕ್ಸಲ್‌ವರೆಗೆ ಒಂದು ಶಾಫ್ಟ್ ಗಾಡಿಯ ಹೊಟ್ಟೆ ಕೆಳಗೆ ಸುತ್ತುತ್ತಾ ಇರತ್ತೆ. ಬಳ್ಳಿ ಅದಕ್ಕೆ ನೂಲಿನ ಥರ ಸುತ್ಕೊಳ್ಳತ್ತೆ. ಪಕ್ಕದಲ್ಲೇ ಸೈಲೆನ್ಸರ್ ಪೈಪು, ಕ್ಯಾಟಲಿಟಿಕ್ ಕನ್ವರ್ಟರ್, ನೂರಾರು ಡಿಗ್ರಿ ಬಿಸಿ. ಒಣ ಸೊಪ್ಪು, ಬಿಸಿ ಲೋಹ, ಉಜ್ಜಾಟ, ಮೂರೂ ಸೇರಿದ್ರೆ ಏನಾಗತ್ತೆ ಅಂತ ಹೇಳಬೇಕಾ? ಸುಗ್ಗಿ ಸಮಯದಲ್ಲಿ ಒಕ್ಕಣೆ ರಸ್ತೇಲಿ ಕಾರು ಸುಟ್ಟು ಹೋದ ಸುದ್ದಿ ನೀವೂ ಓದಿರ್ತೀರಿ. ಮುಂದಿನ ಚಕ್ರದ ಕಾರಿಗೂ ಇದು ತಪ್ಪಿದ್ದಲ್ಲ, ಅದರಲ್ಲೂ ಸೈಲೆನ್ಸರ್ ಕೆಳಗೇ ಇರತ್ತೆ.

ಹಾಗಾಗಿ ಸೊಪ್ಪು ದಾಟಿದ ಮೇಲೆ ಬರೀ ಟಾರಿರೋ ಜಾಗದಲ್ಲಿ ನಿಲ್ಸಿ, ಬಗ್ಗಿ ಕೆಳಗೆ ನೋಡಿ. ಸುತ್ಕೊಂಡಿದ್ರೆ ಇಂಜಿನ್ ಆಫ್ ಮಾಡಿ, ಕೋಲಿಂದ ಎಳೆದು ತೆಗೀರಿ, ಬರಿಗೈ ಹಾಕಬೇಡಿ. ಸುಟ್ಟ ವಾಸನೆ ಬಂದ್ರೆ ಸೊಪ್ಪಿನ ಮೇಲೆ ನಿಲ್ಲಿಸಬೇಡಿ, ಹತ್ತಿರದ ಖಾಲಿ ಟಾರಿಗೆ ಬಂದು ಎಲ್ಲರನ್ನೂ ಇಳಿಸಿ ದೂರ ಹೋಗಿ. ಗ್ಯಾಸ್ ಕಿಟ್ ಇರೋ ಓಮ್ನಿ ಆದ್ರೆ ಬ್ಯಾಗು, ಮೊಬೈಲು ಅಂತ ವಾಪಸ್ ಹೋಗೋ ಮಾತೇ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ಕಾಮೆಂಟಲ್ಲಿ ಬರೋದು ನನಗೆ ಗೊತ್ತು: "ರೈತರ ಮೇಲೆ ಕೇಸ್ ಹಾಕ್ಬೇಕು." ಕಾನೂನು ಇದೆ. ಸಾರ್ವಜನಿಕ ರಸ್ತೆಗೆ ಅಡ್ಡಿ ಮಾಡಿದ್ರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್ನಲ್ಲಿ 5,000 ರೂಪಾಯಿವರೆಗೆ ದಂಡ. ಆದ್ರೆ ಅರ್ಧ ಎಕರೆ ಹುರುಳಿ ಬೆಳೆದ ಅಜ್ಜಿಗೆ ದಂಡ ಹಾಕಿದ್ರೆ ಕಣ ಹುಟ್ಟಲ್ಲ. ಯಂತ್ರ ಬಾಡಿಗೆಗೆ ಕೊಡೋ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ಆದ್ರೆ ಸುಗ್ಗಿಯಲ್ಲಿ ಎಲ್ಲರಿಗೂ ಒಂದೇ ವಾರ ಯಂತ್ರ ಬೇಕು. ಪಂಚಾಯಿತಿಯೋರು ಊರಿಗೊಂದು ಕಾಂಕ್ರೀಟ್ ಕಣ ಹಾಕ್ಸಿದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯತ್ತೆ ಅಂತ ನನ್ನ ಅಭಿಪ್ರಾಯ. ರೈತರಿಗೂ ಲಾಭಾನೇ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಖರೀದಿ ಕೇಂದ್ರದಲ್ಲಿ ಮಣ್ಣು, ಕಲ್ಲು ಎಷ್ಟಿದೆ ಅಂತ ನೋಡ್ತಾರೆ. ರಸ್ತೆ ಮೇಲೆ ಒಕ್ಕಿದ ರಾಗೀಲಿ ಇವು ಬರದೆ ಇರಲ್ಲ.

ಒಂದಕ್ಕೆ ಮಾತ್ರ ನನ್ನ ಹತ್ರ ರಿಯಾಯಿತಿ ಇಲ್ಲ. ಸೊಪ್ಪಿನ ಅಕ್ಕಪಕ್ಕ ಗಾಡಿ ಬೇರೆ ಕಡೆ ಹೋಗದಿರಲಿ ಅಂತ ಇಡೋ ದಪ್ಪ ಕಲ್ಲು, ಮರದ ಕೊಂಬೆ. ಹಗಲಲ್ಲಿ ಹೇಗೋ ಕಾಣತ್ತೆ. ರಾತ್ರಿ ಸೊಪ್ಪು ಎತ್ಕೊಂಡು ಹೋಗಿ ಕಲ್ಲು ಅಲ್ಲೇ ಬಿಡ್ತಾರೆ. ಕತ್ತಲಲ್ಲಿ ಬರೋ ಬೈಕಿನವನು ಪಕ್ಕದೂರಿನ ಹುಡುಗಾನೇ ಆಗಿರ್ತಾನೆ. ನಿಮ್ಮ ಮನೇಲಿ ಒಕ್ಕಣೆ ನಡೀತಿದ್ರೆ, ಅಪ್ಪಂಗೋ ದೊಡ್ಡಪ್ಪಂಗೋ ಹೇಳಿ: ತಿರುವಲ್ಲಿ, ಇಳಿಜಾರಲ್ಲಿ ಹರಡಬೇಡಿ, ರಸ್ತೆಯ ಒಂದು ಅರ್ಧ ಬಿಡಿ, ಕತ್ತಲಾಗೋಕೆ ಮುಂಚೆ ಕಲ್ಲು ಸಮೇತ ಎತ್ತಿ. ನೀವು ಹೇಳಿದ್ರೆ ಕೇಳ್ತಾರೆ, ನಾನು ಹೇಳಿದ್ರೆ ಬೈತಾರೆ.

ಈ ವರ್ಷ ನಿಮ್ಮ ಕಡೆ ಯಾವ ಊರು, ಯಾವ ತಿರುವಲ್ಲಿ ಹರಡಿದ್ದಾರೆ ಅಂತ ವಾಯ್ಸ್ ನೋಟ್ ಕಳಿಸಿ. ಹರಡಿದವರ ಹೆಸರು ಬೇಡ, ಜಾಗ ಸಾಕು. ಮುಂದಿನ ಸಂಚಿಕೆ ಶುರುವಲ್ಲೇ ಓದ್ತೀನಿ.